ಉಂಡಿ ಉಳೀತು, ಜೋಕಾಲಿ ಎಲ್ಲಿ ಹೋಯ್ತು?

ಆಟ ಅಂದ್ರೆ ಮಕ್ಕಳದ್ದು, ನಮಗ್ಯಾಕೆ ಅಂತ ಪಕ್ಕಕ್ಕಿಟ್ಟಿದ್ದೀರಾ? ಒಂದು ನಿಮಿಷ ಕೂತು ಇದನ್ನು ಓದಿ. ಒಲೆ ಮೇಲಿನ ಹಾಲು ಬೇಕಾದ್ರೆ ಇಳಿಸಿ ಬನ್ನಿ!

ನೀವು ಕೊನೆಯ ಸಲ ಆಟ ಆಡಿದ್ದು ಯಾವಾಗ?

ಮಗಳಿಗೆ ತುತ್ತು ತಿನ್ನಿಸಲು ಕಾಗೆ-ಗುಬ್ಬಿ ಆಟ ಆಡಿದ್ದಲ್ಲ. ಮಗ ಅಳಬಾರದು ಅಂತ ಲೂಡೊದಲ್ಲಿ ಬೇಕಂತಲೇ ಸೋತದ್ದೂ ಅಲ್ಲ. ನಿಮಗೋಸ್ಕರ ನೀವು ಆಡಿದ್ದು. ಗೆಲ್ಲಲೇಬೇಕು ಅಂತ ಹಟ ಹಿಡಿದು, ಹೊತ್ತು ಹೋದದ್ದೇ ಗೊತ್ತಾಗದ ಹಾಗೆ, ಹೊಟ್ಟೆ ಹಿಡಿದುಕೊಂಡು ನಗುತ್ತಾ ಆಡಿದ್ದು?

ತಕ್ಷಣ ನೆನಪಾಗ್ತಿಲ್ಲ, ಅಲ್ವಾ? ಬಹುಶಃ ಮದುವೆಗೆ ಮುಂಚೆ. ಇಲ್ಲಾ, ಮದುವೆಯಾದ ಹೊಸದರಲ್ಲಿ ಪಂಚಮಿಗೆ ತವರಿಗೆ ಹೋದಾಗ.

ನಮ್ಮ ಕಡೆ ನಾಗಪಂಚಮಿ ಅಂದ್ರೆ ಹೆಣ್ಣುಮಕ್ಕಳ ಹಬ್ಬ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲೇ ಹೋಗಿ, ಶ್ರಾವಣ ಬಂತೆಂದರೆ ಅಣ್ಣ ಬಂದು ಕರೆಯೋದನ್ನು ಬಾಗಿಲು ನೋಡುತ್ತಾ ಕಾಯುವವರೇ. ರೊಟ್ಟಿ ಹಬ್ಬದ ದಿನ ಓಣಿಯ ತುಂಬ ರೊಟ್ಟಿ ಹಂಚಾಯಿತು, ನಾಗಪ್ಪನಿಗೆ ಹಾಲೆರೆದಾಯಿತು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು ತಿಂದಾಯಿತು. ಆಮೇಲೆ? ಆಮೇಲೆ ಜೋಕಾಲಿ! ಬೇವಿನ ಮರಕ್ಕೆ ಮಿಣಿ ಕಟ್ಟಿ, ಇಬ್ಬರು ಎದುರುಬದುರು ನಿಂತು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೊಂಗೆಯ ಎಲೆ ಮುಟ್ಟುವ ತನಕ ಜೀಕಿದರೇ ಸಮಾಧಾನ. ಗಂಡುಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ತಿರುಗಿಸುತ್ತಿದ್ದರೆ, ಅತ್ತ ಅಂಗಳದಲ್ಲಿ ಫುಗಡಿ. "ಏ, ಸಾಕ್ ಬಿಡ್ರೆ, ತಲಿ ತಿರಗತೈತಿ" ಅಂತ ಕೂಗುವವರೂ ಅವರೇ, ಮತ್ತೊಂದು ಸುತ್ತು ಸುತ್ತುವವರೂ ಅವರೇ.

ಗಮನಿಸಿ. ಅವತ್ತು ಜೋಕಾಲಿ ಆಡುತ್ತಿದ್ದವರು ಬರೀ ಹುಡುಗಿಯರಲ್ಲ. ಎರಡು ಮಕ್ಕಳ ತಾಯಿ, ಸೊಸೆ ಬಂದ ಅತ್ತೆ, ಮೊಮ್ಮಕ್ಕಳನ್ನು ಕಂಡ ಅಜ್ಜಿ ಎಲ್ಲರೂ ಇದ್ದರು. "ವಯಸ್ಸಾತು, ನಿನಗ್ಯಾಕ?" ಅಂತ ಯಾರೂ ಅನ್ನುತ್ತಿರಲಿಲ್ಲ. ಯಾಕೆಂದರೆ ಆಟ ಅವತ್ತು ಹಬ್ಬದ ಕ್ರಮ. ಪೂಜೆ ಹೇಗೋ ಹಾಗೆ.

ಈಗ ಹಬ್ಬ ನಿಂತಿಲ್ಲ. ಉಂಡಿಯೂ ನಿಂತಿಲ್ಲ. ನಾಲ್ಕು ಬಗೆಯ ಉಂಡಿ ಕಟ್ಟಿ, ಬೆಂಗಳೂರಿನ ಮಗನಿಗೆ ಪಾರ್ಸೆಲ್ ಹಾಕಿ, ಫೋಟೊ ತೆಗೆದು ಸ್ಟೇಟಸ್‌ಗೂ ಹಾಕ್ತೀವಿ. ಆದರೆ ಜೋಕಾಲಿ? ಹಬ್ಬದಲ್ಲಿ ಕೆಲಸ ಅಷ್ಟೂ ಉಳೀತು, ಆಟ ಮಾತ್ರ ಸದ್ದಿಲ್ಲದೆ ಜಾರಿಹೋಯ್ತು. ಇದನ್ನು ನಾವು ಗಮನಿಸಲೂ ಇಲ್ಲ!

ಜೋಕಾಲಿ ಕಟ್ಟೋದಾದ್ರೂ ಎಲ್ಲಿ?

ಹಾಗಂತ ತಪ್ಪೆಲ್ಲ ನಮ್ಮದೇ ಅಂದುಕೊಳ್ಳಬೇಡಿ. ಆಲಮಟ್ಟಿ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮುಳುಗಡೆಯಾದವು. ಮನೆಗೆ ಪರಿಹಾರ ಬಂತು, ಹೊಲಕ್ಕೆ ಬಂತು. ತಲೆಮಾರುಗಳಿಂದ ಜೀಕಿದ ಜೋಕಾಲಿಗೆ ಪರಿಹಾರ ಎಲ್ಲಿಂದ ಬರಬೇಕು? ಪುನರ್ವಸತಿ ಕೇಂದ್ರದಲ್ಲಿ ನೆಟ್ಟ ಸಸಿ, ಇಬ್ಬರು ಹೆಂಗಸರ ಭಾರ ತಡೆಯುವ ಮರವಾಗಲು ಎಷ್ಟು ವರ್ಷ ಬೇಕು ಹೇಳಿ.

ರಬಕವಿ-ಬನಹಟ್ಟಿಯ ನೇಕಾರರ ಮನೆಗೆ ಹೋಗಿ ನೋಡಿ. ಮಗ್ಗ ಇಟ್ಟು ಉಳಿದ ಜಾಗದಲ್ಲೇ ಸಂಸಾರ. ಅಡುಗೆ ಮುಗಿಸಿದ ಕೈ ಕಂಡಿಕೆ ಸುತ್ತಲು ಕೂರುತ್ತದೆ. ಜಮಖಂಡಿ, ಮುಧೋಳದ ಹೊಸ ಬಡಾವಣೆಗಳಲ್ಲಿ ಮನೆಗಳೇನೋ ಚೆಂದ. ಆದರೆ ಸ್ಲ್ಯಾಬಿನ ಮನೆಗೆ ಜಂತಿ ಇಲ್ಲ, ಕಾಂಪೌಂಡಿನೊಳಗೆ ಮರ ಇಲ್ಲ, ಗೇಟು ಹಾಕಿದ ಮೇಲೆ ಪಕ್ಕದ ಮನೆಯವರ ಮುಖವೂ ಇಲ್ಲ.

ಗಂಡಸರ ಆಟಕ್ಕೆ ಹೀಗೆ ಜಾಗದ ಬರ ಬಂದಿಲ್ಲ ನೋಡಿ. ಅವರಿಗೆ ಕಟ್ಟೆ ಇದೆ, ಇಸ್ಪೀಟಿದೆ, ಸಂಜೆಯ ಕ್ರಿಕೆಟ್ ಇದೆ. ಕಾರಹುಣ್ಣಿಮೆಗೆ ಎತ್ತು ಓಡಿಸೋದಿದೆ. ಹೋಳಿ ಬಂತೆಂದರೆ ಬಾಗಲಕೋಟೆಯಲ್ಲಿ ದಿನಗಟ್ಟಲೆ ಬಣ್ಣದಾಟ. ಐವತ್ತು ದಾಟಿದ ಗಂಡಸು ಹಲಗೆ ಬಾರಿಸಿ ಕುಣಿದರೆ "ಎಷ್ಟ್ ಹುರುಪ ನೋಡ್ರಿ" ಅಂತಾರೆ. ಅದೇ ವಯಸ್ಸಿನ ಹೆಂಗಸು ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದರೆ?

"ಮಂದಿ ಏನಂತಾರ?"

ಇದೇ ತಾನೇ ನಿಮ್ಮ ಮೊದಲ ಪ್ರಶ್ನೆ? ಹಾಗಾದರೆ ಕೇಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಅಂತ ದೊಡ್ಡ ಗ್ರಂಥ ಬರೆದ. ನೂರು ಅಧ್ಯಾಯಗಳ ಆ ಪುಸ್ತಕದಲ್ಲಿ ರಾಜ್ಯಭಾರವಿದೆ, ಅಡುಗೆಯಿದೆ, ಜೊತೆಗೆ ಇಪ್ಪತ್ತು ಅಧ್ಯಾಯ ಬರೀ ಕ್ರೀಡೆಗೇ ಮೀಸಲು. ಉಯ್ಯಾಲೆ, ಪಗಡೆ, ಕವಡೆಯಾಟ ಎಲ್ಲವೂ ಅಲ್ಲಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರು ತಾವೇ ಹೊಸ ಹೊಸ ಮಣೆಯಾಟಗಳನ್ನು ರೂಪಿಸಿದವರು. ಹಂಪಿಯ ಕಲ್ಲುಹಾಸಿನ ಮೇಲೆ ಇವತ್ತಿಗೂ ಆಟದ ಮನೆಗಳ ಗೆರೆ ಕಾಣುತ್ತವೆ. ಅವನ್ನೆಲ್ಲ ಕೊರೆದವರು ಮಕ್ಕಳೇನಲ್ಲ! ದೊರೆ ಆಡಿದರೆ ವಿನೋದ, ಗೃಹಿಣಿ ಆಡಿದರೆ ಕೆಲಸಗೇಡಿತನ ಅನ್ನೋದು ಯಾವ ನ್ಯಾಯ?

ನಮ್ಮ ಭಾಷೆಯನ್ನೇ ನೋಡಿ. ರಾತ್ರಿಯಿಡೀ ನಡೆಯುವ ನಾಟಕಕ್ಕೆ ನಮ್ಮ ಕಡೆ ದೊಡ್ಡಾಟ, ಸಣ್ಣಾಟ ಅಂತೀವಿ. 'ಶ್ರೀಕೃಷ್ಣ ಪಾರಿಜಾತ'ವೂ ನಮಗೆ ಆಟವೇ. ಪಾರಿಜಾತದಿಂದ ಹೆಸರಾದ ಕೌಜಲಗಿ ನಿಂಗಮ್ಮ, ಬೀಳಗಿಯಲ್ಲಿ ಹುಟ್ಟಿ ರಂಗಭೂಮಿಯಿಂದ ಹಿಂದಿ ಸಿನಿಮಾದ ತನಕ ಹಾಡಿದ ಅಮೀರಬಾಯಿ ಕರ್ನಾಟಕಿ, ಇವರೆಲ್ಲ ಇದೇ ನೆಲದ ಹೆಣ್ಣುಮಕ್ಕಳು. ಆಟ ಅನ್ನೋ ಮಾತು ಇಲ್ಲಿ ಬರೀ ಮಕ್ಕಳದಾಗಿರಲೇ ಇಲ್ಲ.

"ಪಗಡೆ ಆಡಿದ್ರ ಮನಿ ಹಾಳು"

ಹಿರಿಯರ ಈ ಮಾತನ್ನೂ ಕೇಳಿರ್ತೀರಿ. ಮುಧೋಳ ಸೀಮೆಯ ಕವಿ ರನ್ನನ 'ಗದಾಯುದ್ಧ' ನೆನಪಿಸಿಕೊಳ್ಳಿ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ಬರೆದದ್ದು ಭೀಮ ಸೇಡು ತೀರಿಸಿಕೊಂಡ ಕಥೆ. ಆ ಸೇಡಿನ ಬೇರು ಎಲ್ಲಿತ್ತು? ಪಗಡೆಯ ಹಾಸಿನ ಮೇಲೆ. ನಿಜ. ಆದರೆ ಕೆಟ್ಟದ್ದು ಆಟದಲ್ಲಿತ್ತೋ, ಪಣದಲ್ಲಿತ್ತೋ? ರಾಜ್ಯವನ್ನೂ ಹೆಂಡತಿಯನ್ನೂ ಒಡ್ಡಿದ ಕ್ಷಣವೇ ಅದು ಆಟವಾಗಿ ಉಳಿಯಲಿಲ್ಲ, ಜೂಜಾಯಿತು.

ಈ ವ್ಯತ್ಯಾಸ ಮೊಬೈಲ್ ಕಾಲದಲ್ಲಿ ಇನ್ನೂ ಮುಖ್ಯ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಹಾಗಾಗಿ ನಿಯಮ ಒಂದೇ: ಸೋತರೆ ನಗು ಬರಬೇಕು, ಕಣ್ಣೀರು ಬರಬಾರದು. ಪಣ ಇಡಲೇಬೇಕಾ? ಸೋತವರು ಚಹಾ ಮಾಡಲಿ!

ಇನ್ನೊಂದು ಮಾತು. ಸೀರಿಯಲ್ ನೋಡೋದು, ರೀಲ್ಸ್ ಸರಿಸುತ್ತಾ ಕೂರೋದು ಆಟವಲ್ಲ. ಅದು ಬೇರೆಯವರು ಆಡೋದನ್ನು ನಾವು ನೋಡೋದು. ಮನರಂಜನೆ ಬೇಡ ಅಂತಲ್ಲ. ಆದರೆ ಒಂದು ತಾಸು ಫೋನ್ ನೋಡಿ ಎದ್ದಾಗ ಕಣ್ಣು ಭಾರ, ಮನಸ್ಸೂ ಭಾರ. ಅರ್ಧ ತಾಸು ಚೌಕಾಬಾರ ಆಡಿ ಎದ್ದು ನೋಡಿ, ಗೊತ್ತಾಗುತ್ತೆ.

ಟೈಮೆಲ್ಲಿದೆ ಮೇಡಂ?

ಇದು ನಿಜವಾದ ಪ್ರಶ್ನೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ಕೊಡುವುದು ದಿನಕ್ಕೆ ಸರಾಸರಿ 289 ನಿಮಿಷ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಅಂದರೆ ನಮ್ಮದು ಐದು ತಾಸಿಗೆ ಹತ್ತಿರ, ಅವರದು ಒಂದೂವರೆ ತಾಸು.

ಈ ಲೆಕ್ಕದಲ್ಲಿ ಆಟಕ್ಕೆ ಜಾಗ ತಾನಾಗಿ ಸಿಗೋದಿಲ್ಲ. 'ಎಲ್ಲ ಕೆಲಸ ಮುಗೀಲಿ, ಆಮೇಲೆ ನೋಡೋಣ' ಅಂತ ಕೂತರೆ ಆ 'ಆಮೇಲೆ' ಬರೋದೇ ಇಲ್ಲ. ಮನೆಗೆಲಸ ಎಂದಾದರೂ ಮುಗಿದದ್ದುಂಟಾ? ನಮ್ಮ ಹಿರಿಯರಿಗೆ ಈ ಗುಟ್ಟು ಗೊತ್ತಿತ್ತು. ಅದಕ್ಕೇ ಹೆಣ್ಣುಮಕ್ಕಳ ಆಟವನ್ನು ಅವರು ಪಂಚಾಂಗಕ್ಕೇ ಕಟ್ಟಿದ್ದರು. ಆಷಾಢದ ಮಂಗಳವಾರ ಗುಳ್ಳವ್ವ, ಶ್ರಾವಣದಲ್ಲಿ ಪಂಚಮಿ, ಕಾರ್ತಿಕದಲ್ಲಿ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. ಆ ದಿನ ಬಂತೆಂದರೆ ಕೆಲಸ ಉಳಿದಿರಲಿ, ಬಿಡಲಿ, ಆಟ ಆಡಲೇಬೇಕು. ಅತ್ತೆಯೂ ಬೇಡ ಅನ್ನುವಂತಿಲ್ಲ, ಗಂಡನೂ ತಡೆಯುವಂತಿಲ್ಲ.

ನಾವು ಮರಳಿ ತರಬೇಕಾದದ್ದು ಇದನ್ನೇ. ಆಟ ಅಂದರೆ ಕೆಲಸ ಮುಗಿಸಿದವರಿಗೆ ಸಿಗುವ ಬಹುಮಾನ ಅಲ್ಲ. ಅದಕ್ಕೆ ಅದರದೇ ಹೊತ್ತು ಬೇಕು, ಆ ಹೊತ್ತನ್ನು ಮನೆಯವರೆಲ್ಲ ಒಪ್ಪಬೇಕು.

ಆಡಿದರೆ ಏನು ಸಿಗುತ್ತೆ?

ಲಾಭ ಇಲ್ಲದೆ ಏನೂ ಮಾಡಬಾರದು ಅನ್ನೋ ಕಾಲ ಇದು. ಆಟಕ್ಕೆ ಲಾಭ ಕೇಳೋದೇ ಸರಿಯಲ್ಲ. ಆದರೂ ಮನೆಯವರಿಗೆ ಹೇಳಲು ನಾಲ್ಕು ಮಾತು ಇರಲಿ.

ಅಮೆರಿಕದ ನ್ಯೂಯಾರ್ಕ್‌ನಲ್ಲಿ 75 ದಾಟಿದ 469 ಮಂದಿಯನ್ನು ವೈದ್ಯರು ಹಲವು ವರ್ಷ ಗಮನಿಸಿದರು. ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಓದು, ಮಣೆಯಾಟ, ವಾದ್ಯ, ಕುಣಿತದಲ್ಲಿ ಆಗಾಗ ತೊಡಗುತ್ತಿದ್ದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡುಬಂತು. ಆಟವೇ ಕಾಯಿಲೆ ತಡೆಯಿತು ಅಂತ ಇಷ್ಟರಿಂದಲೇ ಹೇಳಲಾಗದು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಆಡಿರಲೂಬಹುದು. ಆದರೆ ಲೆಕ್ಕ ಹಾಕುತ್ತಾ, ಎದುರಾಳಿಯ ನಡೆ ಊಹಿಸುತ್ತಾ ಕೂತ ತಲೆಗೆ ತುಕ್ಕು ಹಿಡಿಯೋದು ಅಷ್ಟು ಸುಲಭವಲ್ಲ ಅನ್ನೋದಂತೂ ನಮ್ಮ ಅಜ್ಜಿಯರನ್ನು ನೋಡಿದರೇ ಗೊತ್ತಾಗುತ್ತೆ.

ಅದಕ್ಕಿಂತ ದೊಡ್ಡ ಲಾಭ ಮನೆಯೊಳಗಿನದು. ಅತ್ತೆ-ಸೊಸೆ ಅಡುಗೆಮನೆಯಲ್ಲಿ ನಿಂತರೆ ಅಲ್ಲಿ ಒಬ್ಬರು ಹೇಳುವವರು, ಒಬ್ಬರು ಕೇಳುವವರು. ಅದೇ ಇಬ್ಬರು ಕವಡೆ ಹಿಡಿದು ಕೂತರೆ? ಕವಡೆಗೆ ಯಾರು ಅತ್ತೆ, ಯಾರು ಸೊಸೆ ಗೊತ್ತಿಲ್ಲ! ಸೊಸೆ ಅತ್ತೆಯ ಕಾಯಿ ಹೊಡೆಯಬಹುದು, "ಅತ್ತೀ, ಸುಳ್ಳ ಎಣಸಬ್ಯಾಡ್ರಿ" ಅಂತ ಜಗಳವನ್ನೂ ತೆಗೆಯಬಹುದು. ಬೇರೆ ಹೊತ್ತಿನಲ್ಲಿ ಆಡಲಾಗದ ಮಾತು ಆಟದ ನಡುವೆ ನಗುತ್ತಾ ಬಂದುಬಿಡುತ್ತೆ.

ಇನ್ನು ನಿಮ್ಮ ಮಗಳು. ಅವಳು ನಿಮ್ಮನ್ನು ದಿನಾ ನೋಡ್ತಾಳೆ. ಅಮ್ಮ ದುಡೀತಾಳೆ, ಬೈತಾಳೆ, ಮುದ್ದು ಮಾಡ್ತಾಳೆ. ಆದರೆ ಅಮ್ಮ ಆಡಿದ್ದನ್ನು ಅವಳು ಒಮ್ಮೆಯೂ ನೋಡಿಲ್ಲ ಅಂದರೆ, 'ಮದುವೆಯಾದ ಮೇಲೆ ಆಟ ಮುಗೀತು' ಅನ್ನೋದೇ ಅವಳು ಕಲಿಯುವ ಪಾಠ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಹಾಗಾದ್ರೆ ಶುರು ಮಾಡೋದು ಹೇಗೆ?

* ವಾರಕ್ಕೊಂದು ಹೊತ್ತು ಗೊತ್ತು ಮಾಡಿ. ಮಧ್ಯಾಹ್ನ ಮೂರರಿಂದ ನಾಲ್ಕು ಇರಬಹುದು, ಭಾನುವಾರ ಸಂಜೆ ಇರಬಹುದು. ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ದಿನ ಬರೆಯೋ ಹಾಗೆ ಇದನ್ನೂ ಬರೀರಿ. ಮನೆಯವರಿಗೆ ಮೊದಲೇ ಹೇಳಿಬಿಡಿ: "ಆ ಹೊತ್ತಿಗೆ ನಾ ಸಿಗಂಗಿಲ್ಲ. ಚಹಾ ನೀವ ಮಾಡ್ಕೋರಿ." ಮೊದಲ ವಾರ ಮುಖ ಸಿಂಡರಿಸಿದರೂ ಮೂರನೇ ವಾರಕ್ಕೆ ರೂಢಿಯಾಗುತ್ತೆ.

* ಜೊತೆ ಹುಡುಕಿ. ಪಕ್ಕದ ಮನೆಯ ವೈನಿ, ನೆಗೆಣ್ಣಿ, ನಾದಿನಿ ಯಾರಾದರೂ ಸರಿ. ಸ್ತ್ರೀಶಕ್ತಿ ಸಂಘದಲ್ಲಿದ್ದೀರಾ? ಉಳಿತಾಯದ ಲೆಕ್ಕ ಮುಗಿದ ಮೇಲೆ ಇಪ್ಪತ್ತು ನಿಮಿಷ ಆಟಕ್ಕಿಡಿ. ಸಭೆಗೆ ಬರುವವರ ಸಂಖ್ಯೆಯೂ ಹೆಚ್ಚುತ್ತೆ, ನೋಡ್ತಾ ಇರಿ.

* ಗೊತ್ತಿರುವ ಆಟದಿಂದಲೇ ಶುರು ಮಾಡಿ. ಐದು ಕಲ್ಲಿನ ಆಟಕ್ಕೆ ಬೇಕಾದದ್ದು ಐದು ದುಂಡನೆಯ ಕಲ್ಲು ಅಷ್ಟೇ. ಅಟ್ಟದ ಮೇಲೆ ಅಳಗುಳಿಮಣೆ ಧೂಳು ಹಿಡಿದಿದ್ದರೆ ಇಳಿಸಿ. ಇಲ್ಲದಿದ್ದರೆ ಮೊಟ್ಟೆ ಬರುವ ಎರಡು ಟ್ರೇ ಜೋಡಿಸಿ ಹದಿನಾಲ್ಕು ಗುಳಿ ಮಾಡಿಕೊಳ್ಳಿ, ಹುಣಸೆಬೀಜ ಹಾಕಿ. ಅತ್ತೆಯನ್ನೋ ಅಜ್ಜಿಯನ್ನೋ 'ಹೇಗೆ ಆಡೋದು ಹೇಳ್ರಿ' ಅಂತ ಕೇಳಿ. ಅವರ ಮುಖ ಅರಳೋದನ್ನು ನೋಡೋದೇ ಒಂದು ಖುಷಿ.

* ಫೋನು ದೂರ ಇರಲಿ. ಫೋಟೊಕ್ಕಾಗಿ ಆಡಿದರೆ ಆಟದ ಮಜಾ ಹೋಗುತ್ತೆ.

* ಚೆನ್ನಾಗಿ ಆಡಬೇಕು ಅಂತೇನಿಲ್ಲ. ಕಲ್ಲು ಕೈತಪ್ಪಿ ಬೀಳಲಿ, ಲೆಕ್ಕ ತಪ್ಪಲಿ. ದಿನವಿಡೀ ಎಲ್ಲವನ್ನೂ ಸರಿಯಾಗಿ ಮಾಡಲೇಬೇಕಾದ ನಿಮಗೆ, ತಪ್ಪಿದರೂ ನಡೆಯುವ ಜಾಗ ಇದೊಂದೇ.

* ಮೈಗೆ ಒಗ್ಗುವಷ್ಟೇ ಆಡಿ. ಮಂಡಿನೋವು, ಬೆನ್ನುನೋವು, ತಲೆಸುತ್ತು ಇದ್ದವರಿಗೆ ಫುಗಡಿ, ಕುಂಟಾಬಿಲ್ಲೆ ಬೇಡ. ಕೂತು ಆಡುವ ಆಟ ಬೇಕಾದಷ್ಟಿವೆ. ಗರ್ಭಿಣಿಯರು ಜೋಕಾಲಿ ಜೀಕುವ ಸಾಹಸ ಮಾಡಬೇಡಿ. ಹಗ್ಗ ಹೊಸದಾಗಿರಲಿ, ಟೊಂಗೆ ಹಸಿಯಾಗಿ ಗಟ್ಟಿಯಾಗಿರಲಿ, ಕೆಳಗೆ ಕಲ್ಲು ಇಲ್ಲದಿರಲಿ. ಮೊದಲು ಗಟ್ಟಿ ಆಳೊಬ್ಬರು ಜೋತುಬಿದ್ದು ಪರೀಕ್ಷಿಸಲಿ.

ಮರೆತವರಿಗೆ ಚೌಕಾಬಾರ

ಚೌಕಾಬಾರ, ಚಕ್ಕಾ, ಕಟ್ಟಿಮನಿ ಹೀಗೆ ಊರಿಗೊಂದು ಹೆಸರು. ಬೇಕಾದದ್ದು ಒಂದು ಸೀಮೆಸುಣ್ಣ, ನಾಲ್ಕು ಕವಡೆ. ಕವಡೆ ಇಲ್ಲವೇ? ಎರಡು ಹುಣಸೆಬೀಜವನ್ನು ಕಲ್ಲಿಗೆ ತೇದು ಹೋಳು ಮಾಡಿದರೆ ನಾಲ್ಕಾಯಿತು.

ನೆಲದ ಮೇಲೆ ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕೂ ಬದಿಯ ನಡುವಿನ ಮನೆಗೆ ಮತ್ತು ಒಟ್ಟು ಆಟದ ನಟ್ಟನಡುವಿನ ಮನೆಗೆ ಗುಣಾಕಾರದ ಗುರುತು ಹಾಕಿ. ಅವು ಕಟ್ಟೆ. ಕಟ್ಟೆಯಲ್ಲಿರುವ ಕಾಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ಕು ಮಂದಿ ನಾಲ್ಕು ಬದಿಗೆ ಕೂತು, ತಲಾ ನಾಲ್ಕು ಕಾಯನ್ನು ತಮ್ಮ ಕಟ್ಟೆಯಲ್ಲಿಡಿ. ಒಬ್ಬರದು ಬಳೆಚೂರು, ಒಬ್ಬರದು ಕಡಲೆ, ಒಬ್ಬರದು ಶೇಂಗಾ, ಒಬ್ಬರದು ಗುಂಡಿ ಆದರೆ ಗುರುತು ಸುಲಭ.

ಕವಡೆ ಹಾಕಿದಾಗ ಎಷ್ಟು ಬಾಯಿ ಮೇಲಾಗುತ್ತವೋ ಅಷ್ಟು ಮನೆ ನಡೆಸಿ. ಹುಣಸೆಬೀಜವಾದರೆ ಬಿಳಿ ಮೈ ಎಣಿಸಿ. ನಾಲ್ಕೂ ಮೇಲಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಹಾಕುವ ಅವಕಾಶ. ಕಾಯಿ ಮೊದಲು ಹೊರಗಿನ ಸುತ್ತನ್ನು ಎಡಸುತ್ತಾಗಿ ಮುಗಿಸಿ, ಆಮೇಲೆ ಒಳಗಿನ ಸುತ್ತಿಗೆ ಇಳಿದು ಬಲಸುತ್ತಾಗಿ ಹೋಗಿ, ಕೊನೆಗೆ ನಡುವಿನ ಮನೆ ಸೇರಬೇಕು. ದಾರಿಯಲ್ಲಿ ಎದುರಾಳಿಯ ಕಾಯಿ ಇರುವ ಮನೆಗೇ ನೀವು ಬಂದರೆ ಅದು ಹೊಡೆತ. ಆ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು, ನಿಮಗೆ ಇನ್ನೊಂದು ಸರದಿ. ಒಂದಾದರೂ ಕಾಯಿ ಹೊಡೆಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ನಾಲ್ಕೂ ಕಾಯಿಯನ್ನು ಮೊದಲು ಹಣ್ಣು ಮಾಡಿದವರು ಗೆದ್ದಂತೆ.

ನಿಯಮ ಊರಿಂದೂರಿಗೆ ಸ್ವಲ್ಪ ಬೇರೆ. "ನಮ್ಮ ತವರಾಗ ಹಿಂಗಿಲ್ಲರೀ" ಅಂತ ವಾದ ಬಂದೇ ಬರುತ್ತೆ. ಬರಲಿ, ಅದೂ ಆಟದ ಒಂದು ಭಾಗವೇ!

ಈ ಸಲ ಪಂಚಮಿಗೆ...

ಉಂಡಿ ಮಾಡಿ, ಬೇಡ ಅನ್ನೋದಿಲ್ಲ. ಆದರೆ ನಾಲ್ಕು ಬಗೆ ಮಾಡುವ ಕಡೆ ಎರಡು ಬಗೆ ಮಾಡಿ. ಉಳಿದ ಹೊತ್ತನ್ನು ನಿಮಗಾಗಿ ಇಟ್ಟುಕೊಳ್ಳಿ. ಓಣಿಯ ಹೆಂಗಸರೆಲ್ಲ ಸೇರಿ ಗುಡಿಯ ಆವರಣದ ಮರವನ್ನೋ, ಯಾರದಾದರೂ ತೋಟದ ಮರವನ್ನೋ ಕೇಳಿ. ಹಗ್ಗ ಕಟ್ಟುವ ಕೆಲಸ ಗಂಡಸರಿಗೆ ಒಪ್ಪಿಸಿ. ಮರ ಸಿಗಲಿಲ್ಲವೇ? ತಾರಸಿ ಇದೆ, ಸೀಮೆಸುಣ್ಣ ಇದೆ, ಕವಡೆ ಇದೆ.

ಪಂಚಮಿಯ ತನಕ ಕಾಯಬೇಕಂತಲೂ ಇಲ್ಲ. ಇವತ್ತು ಹುಣಸೆಹಣ್ಣು ಬಿಡಿಸುವಾಗ ಎರಡು ಒಳ್ಳೆಯ ಬೀಜ ತೆಗೆದಿಡಿ. ನಾಳೆ ಮಧ್ಯಾಹ್ನ ಪಕ್ಕದ ಮನೆಯ ಕದ ತಟ್ಟಿ, "ವೈನಿ, ಒಂದ್ ಆಟ ಆಡೂಣ ಬರ್ರಿ" ಅಂತ ಕರೀರಿ.

ಕರೀತೀರಲ್ಲ?